ವಿಮಾನದಲ್ಲಿ ದುಡಿಯುವ ಮಗಳಿಗೆ ಆಕಾಶದ ವಿಕಿರಣದಿಂದ ಎಷ್ಟು ಅಪಾಯ?

ಪ್ರಶ್ನೆ: ನನ್ನ ಮಗಳಿಗೆ 29 ವರ್ಷ, ಗಗನಸಖಿಯಾಗಿ ಕೆಲಸ ಮಾಡುತ್ತಾಳೆ. ಕಳೆದ ಒಂದು ವರ್ಷದಿಂದ ಅವಳಿಗೆ ಹೆಚ್ಚಾಗಿ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೊ ಡ್ಯೂಟಿ. ತಿಂಗಳಿಗೆ ಎರಡು ಸಲ ಹೋಗಿ ಬರುತ್ತಾಳೆ, ಎಷ್ಟೋ ಸಲ ವಿಮಾನ ಉತ್ತರ ಧ್ರುವದ ಹತ್ತಿರ ಹಾದುಹೋಗುತ್ತದಂತೆ. ಈಗ ಅವಳು, ಅಳಿಯ ಮಗುವಿನ ಯೋಚನೆಯಲ್ಲಿದ್ದಾರೆ. ಅಷ್ಟು ಎತ್ತರದಲ್ಲಿ ಕಾಸ್ಮಿಕ್ ಕಿರಣ ಜಾಸ್ತಿ, ಸೂರ್ಯನಲ್ಲಿ ಬಿರುಗಾಳಿ ಎದ್ದರಂತೂ ಗರ್ಭಕ್ಕೆ ಅಪಾಯ, ಕ್ಯಾನ್ಸರ್ ಬರುತ್ತದೆ ಎಂದೆಲ್ಲ ಓದಿ ನಿದ್ದೆ ಬರುತ್ತಿಲ್ಲ. ಅಳಿಯ ವಾರಕ್ಕೊಮ್ಮೆ ಬೆಂಗಳೂರು–ದೆಹಲಿ ಹೋಗಿ ಬರುತ್ತಾರೆ, ಏರ್‌ಬಸ್ ಎ320 ವಿಮಾನದಲ್ಲಿ. ಸೂರ್ಯನ ವಿಕಿರಣದಿಂದ ಆ ವಿಮಾನದ ಕಂಪ್ಯೂಟರ್ ಕೆಟ್ಟು ಕೆಳಕ್ಕೆ ಜಗ್ಗಿತು ಎಂದು 2025ರ ಕೊನೆಯಲ್ಲಿ ಸುದ್ದಿ ಬಂತಲ್ಲ? ಇನ್ನೊಂದು: “ಇಂದು ರಾತ್ರಿ 12.30ರಿಂದ 3.30ರವರೆಗೆ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ” ಎಂಬ ಮೆಸೇಜ್ ಆಗಾಗ ಬರುತ್ತದೆ. ಅಂಥ ರಾತ್ರಿ ಅವಳು ಹಾರಾಡುತ್ತಿದ್ದರೆ? ಅವಳು ಕೆಲಸ ಬಿಡಬೇಕೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಕೆಲಸ ಬಿಡಬೇಕಾಗಿಲ್ಲ. ಆದರೆ ಗರ್ಭಧಾರಣೆಗೆ ಪ್ರಯತ್ನ ಶುರುಮಾಡುವ ತಿಂಗಳಿನಿಂದಲೇ ಆ ಮಾರ್ಗವನ್ನು ಬಿಡುವುದು ಒಳ್ಳೆಯದು. ನಿಮ್ಮ ಆತಂಕದಲ್ಲಿ ಒಂದು ಭಾಗ ನಿಜವಾದದ್ದು, ಒಂದು ಭಾಗ ತಪ್ಪು ಜಾಗದಲ್ಲಿ ನಿಂತದ್ದು. ದೇಹಕ್ಕೆ ತಗಲುವ ವಿಕಿರಣ, ವಿಮಾನದ ಚಿಪ್‌ಗೆ ತಗಲುವ ಏಟು, ರೇಡಿಯೊ ಮತ್ತು ಜಿಪಿಎಸ್‌ಗೆ ಆಗುವ ತೊಂದರೆ, ಇವು ಮೂರೂ ಬೇರೆ ಬೇರೆ. ಮೂರನ್ನೂ ಸೇರಿಸಿ “ಸೌರ ಬಿರುಗಾಳಿ” ಎಂದು ಕರೆಯುವುದರಿಂದಲೇ ಅರ್ಧ ಗೊಂದಲ.

ಮೊದಲು ಆ ಮೊಬೈಲ್ ಮೆಸೇಜ್. ಅದು ಶುದ್ಧ ಸುಳ್ಳು, ವರ್ಷಗಳಿಂದ ದಿನಾಂಕವೇ ಇಲ್ಲದೆ ಸುತ್ತುತ್ತಿದೆ. ಕಾಸ್ಮಿಕ್ ಕಿರಣಗಳು ಒಂದು ರಾತ್ರಿ ಬಂದು ಹೋಗುವಂಥವಲ್ಲ. ಹಗಲು ರಾತ್ರಿ ಎನ್ನದೆ, ಎಲ್ಲ ದಿಕ್ಕುಗಳಿಂದ, ಸದಾ ಸುರಿಯುತ್ತಲೇ ಇರುತ್ತವೆ. ನೀವು ಇದನ್ನು ಓದುತ್ತಿರುವಾಗಲೂ ನಿಮ್ಮ ಅಂಗೈಯನ್ನು ಈ ಕಿರಣಗಳಿಂದ ಹುಟ್ಟಿದ ಮ್ಯುಯಾನ್ ಎಂಬ ಸೂಕ್ಷ್ಮ ಕಣಗಳು ನಿಮಿಷಕ್ಕೆ ನೂರರಷ್ಟು ಹಾದುಹೋಗುತ್ತಿರುತ್ತವೆ. ಮೊಬೈಲ್ ಆನ್ ಇದ್ದರೂ ಆಫ್ ಇದ್ದರೂ ಅವುಗಳಿಗೆ ವ್ಯತ್ಯಾಸವಿಲ್ಲ. ಇದೇ ಕಾರಣಕ್ಕೆ “ರಾತ್ರಿ ಹಾರಾಟದಲ್ಲಿ ಸೂರ್ಯ ಇರುವುದಿಲ್ಲ, ಆದ್ದರಿಂದ ಸುರಕ್ಷಿತ” ಎಂಬ ಮಾತೂ ತಪ್ಪು.

ಈ ಕಿರಣಗಳು ಬರುವುದೆಲ್ಲಿಂದ? ನಿಮ್ಮ ಮಗಳ ವರ್ಷದ ಲೆಕ್ಕದಲ್ಲಿ ಬಹುಪಾಲು ಸೂರ್ಯನದಲ್ಲ. ನಮ್ಮ ಆಕಾಶಗಂಗೆಯಲ್ಲಿ ಭಾರಿ ನಕ್ಷತ್ರಗಳು ಸಿಡಿದು ಸಾಯುವಾಗ ಹೊರಚಿಮ್ಮುವ ಅನಿಲದ ಆಘಾತ ಅಲೆಗಳಲ್ಲಿ ಪ್ರೋಟಾನ್‌ಗಳು ಹಿಂದೆ ಮುಂದೆ ಪುಟಿಯುತ್ತಾ ಶಕ್ತಿ ಗಳಿಸುತ್ತವೆ. ಅಂಥ ಎರಡು ಸೂಪರ್‌ನೋವಾ ಅವಶೇಷಗಳಲ್ಲಿ, ಐಸಿ 443 ಮತ್ತು ಡಬ್ಲ್ಯು 44ರಲ್ಲಿ, ಪ್ರೋಟಾನ್‌ಗಳು ಹೀಗೆ ವೇಗ ಪಡೆಯುತ್ತಿರುವುದರ ನೇರ ಗುರುತನ್ನು ಫರ್ಮಿ ಬಾಹ್ಯಾಕಾಶ ದೂರದರ್ಶಕ 2013ರಲ್ಲಿ ಕಂಡಿತು. ಹೊರಟ ಕಣಗಳು ಗ್ಯಾಲಕ್ಸಿಯ ಕಾಂತಕ್ಷೇತ್ರದಲ್ಲಿ ಲಕ್ಷಾಂತರ ವರ್ಷ ಅಲೆದು, ಹುಟ್ಟಿದ ದಿಕ್ಕಿನ ಗುರುತು ಕಳೆದುಕೊಂಡು ನಮ್ಮ ಬಳಿ ಬರುತ್ತವೆ. ಅವುಗಳಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪ್ರೋಟಾನ್, ಉಳಿದದ್ದು ಹೆಚ್ಚಾಗಿ ಹೀಲಿಯಂ ನ್ಯೂಕ್ಲಿಯಸ್, ಶೇಕಡ ಒಂದರಷ್ಟು ಕಬ್ಬಿಣದಂಥ ಭಾರದ ನ್ಯೂಕ್ಲಿಯಸ್‌ಗಳು.

ನೆಲದಲ್ಲಿ ನಮ್ಮನ್ನು ಕಾಯುವುದು ಗಾಳಿ. ನಮ್ಮ ತಲೆಯ ಮೇಲಿನ ವಾಯುಮಂಡಲದ ಒಟ್ಟು ತೂಕ ಹತ್ತು ಮೀಟರ್ ನೀರಿಗೆ ಸಮ. 39,000 ಅಡಿ ಎತ್ತರದಲ್ಲಿ ಉಳಿಯುವುದು ಎರಡು ಮೀಟರ್ ನೀರಿನಷ್ಟು ಮಾತ್ರ. ಪ್ರೋಟಾನ್ ಒಂದು ಮೇಲಿನ ಗಾಳಿಯ ಸಾರಜನಕಕ್ಕೋ ಆಮ್ಲಜನಕಕ್ಕೋ ಬಡಿದಾಗ ನ್ಯೂಟ್ರಾನ್, ಪೈಯಾನ್, ಮ್ಯುಯಾನ್, ಎಲೆಕ್ಟ್ರಾನ್, ಗಾಮಾ ಕಿರಣಗಳ ಸೋನೆಯೇ ಹುಟ್ಟುತ್ತದೆ. ವಿಮಾನದೊಳಗಿನವರಿಗೆ ತಗಲುವುದು ಈ ಎರಡನೇ ತಲೆಮಾರಿನ ಕಣಗಳು. 1912ರ ಆಗಸ್ಟ್‌ನಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ 5,300 ಮೀಟರ್ ಏರಿದಾಗ ಉಪಕರಣದ ಅಂಕಿ ಇಳಿಯುವ ಬದಲು ಏರಿತು. ಈ ವಿಕಿರಣ ಮೇಲಿನಿಂದ ಬರುತ್ತದೆ ಎಂದು ಗೊತ್ತಾದದ್ದೇ ಹಾಗೆ. ನಮ್ಮ ನಾಡಿಗೂ ಇದು ಹೊಸದಲ್ಲ. 1940ರ ದಶಕದಲ್ಲಿ ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಅಧ್ಯಯನ ಘಟಕ ನಡೆಸಿದರು, ಮುಂದೆ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಯ ಆಳದಲ್ಲಿ ದಶಕಗಳ ಕಾಲ ಈ ಕಣಗಳನ್ನು ಅಳೆದರು.

ಎರಡನೇ ರಕ್ಷಣೆ ಭೂಮಿಯ ಕಾಂತಕ್ಷೇತ್ರ. ನಿಮ್ಮ ಪ್ರಶ್ನೆಯ ನಿಜವಾದ ಕೀಲಿ ಇಲ್ಲಿದೆ. ದಕ್ಷಿಣ ಭಾರತ ಕಾಂತ ಸಮಭಾಜಕದ ಹತ್ತಿರ ಇರುವುದರಿಂದ ಇಲ್ಲಿ ಒಳನುಗ್ಗಬೇಕಾದರೆ ಪ್ರೋಟಾನ್‌ಗೆ ಸುಮಾರು 17 ಗಿಗಾವೋಲ್ಟ್‌ನಷ್ಟು ಬಿಗಿ (ಕಾಂತಕ್ಷೇತ್ರಕ್ಕೆ ಬಾಗದೆ ನುಗ್ಗುವ ಬಲ) ಇರಬೇಕು. ಜಗತ್ತಿನಲ್ಲೇ ಅತಿ ಹೆಚ್ಚಿನ ತಡೆಗಳಲ್ಲಿ ಇದೂ ಒಂದು. ಧ್ರುವಗಳಲ್ಲಿ ಕಾಂತರೇಖೆಗಳು ನೆಟ್ಟಗೆ ಕೆಳಗಿಳಿಯುವುದರಿಂದ ಆ ತಡೆ ಹೆಚ್ಚುಕಡಿಮೆ ಸೊನ್ನೆ. ಹಾಗಾಗಿ ಒಂದೇ ಎತ್ತರದಲ್ಲಿ ಹಾರಿದರೂ ದಕ್ಷಿಣ ಭಾರತದ ಮೇಲೆ ಗಂಟೆಗೆ 2 ಮೈಕ್ರೋಸೀವರ್ಟ್ (ಸೀವರ್ಟ್ ಎಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ) ಆಸುಪಾಸಿನಲ್ಲಿರುವ ಪ್ರಮಾಣ ಉತ್ತರ ಅಕ್ಷಾಂಶಗಳಲ್ಲಿ 5, 6, ಕೆಲವೊಮ್ಮೆ 7ಕ್ಕೂ ಏರುತ್ತದೆ. ಜರ್ಮನಿಯ ವಿಕಿರಣ ರಕ್ಷಣಾ ಕಚೇರಿ ಕೊಡುವ ಅಂಕಿ ನೋಡಿ: ಫ್ರಾಂಕ್‌ಫರ್ಟ್–ಸಿಂಗಪುರ ಹಾರಾಟಕ್ಕೆ 28ರಿಂದ 50 ಮೈಕ್ರೋಸೀವರ್ಟ್, ಫ್ರಾಂಕ್‌ಫರ್ಟ್–ನ್ಯೂಯಾರ್ಕ್‌ಗೆ 32ರಿಂದ 75. ಸಿಂಗಪುರದ ಹಾರಾಟ ಗಂಟೆಗಳಲ್ಲಿ ಬಹಳ ಉದ್ದ, ಆದರೂ ವಿಕಿರಣ ಕಡಿಮೆ. ಎಷ್ಟು ಗಂಟೆ ಹಾರಿದಳು ಎನ್ನುವುದಕ್ಕಿಂತ ಯಾವ ಅಕ್ಷಾಂಶದಲ್ಲಿ ಹಾರಿದಳು ಎಂಬುದು ದೊಡ್ಡ ವಿಷಯ.

ನಮ್ಮ ದೇಶದಿಂದ ಅಮೆರಿಕದ ಪಶ್ಚಿಮ ಕರಾವಳಿಗೆ ಹತ್ತಿರದ ದಾರಿ ಉತ್ತರಕ್ಕೆ ಏರಿ ಇಳಿಯುವುದು. 2021ರ ಜನವರಿಯಲ್ಲಿ ಏರ್ ಇಂಡಿಯಾ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ನೇರ ಹಾರಾಟ ಆರಂಭಿಸಿದಾಗ ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ವಿಮಾನ ತಂದದ್ದು ನಿಮಗೆ ನೆನಪಿರಬಹುದು. ಪ್ರತಿ ಹಾರಾಟವೂ ಧ್ರುವದ ಮೇಲೆ ಹೋಗುವುದಿಲ್ಲ. ಗಾಳಿ ಮತ್ತು ವಾಯುಪ್ರದೇಶದ ನಿರ್ಬಂಧ ನೋಡಿ ಆ ದಿನದ ದಾರಿ ನಿರ್ಧಾರವಾಗುತ್ತದೆ, ಕೆಲವು ದಿನ ಪೆಸಿಫಿಕ್ ಸಾಗರದ ಮೇಲೆ ಹೋಗುತ್ತದೆ.

ಈಗ ಮಗಳ ಲೆಕ್ಕ. ಒಂದು ಹಾರಾಟ 16 ಗಂಟೆ, ಸರಾಸರಿ ಗಂಟೆಗೆ 5 ಮೈಕ್ರೋಸೀವರ್ಟ್ ಹಿಡಿದರೆ ಒಂದು ದಾರಿಗೆ 80. ತಿಂಗಳಿಗೆ ಎರಡು ಸಲ ಹೋಗಿ ಬಂದರೆ 320. ಹನ್ನೊಂದು ತಿಂಗಳಿಗೆ 3,500 ಮೈಕ್ರೋಸೀವರ್ಟ್, ಅಂದರೆ 3.5 ಮಿಲಿಸೀವರ್ಟ್. ನೆಲದ ಮೇಲಿರುವ ಸಾಮಾನ್ಯ ಮನುಷ್ಯನಿಗೆ ಮಣ್ಣು, ಮನೆಯ ಗೋಡೆ, ಉಸಿರಾಡುವ ರೇಡಾನ್, ತಿನ್ನುವ ಆಹಾರ ಎಲ್ಲ ಸೇರಿ ವರ್ಷಕ್ಕೆ ಜಾಗತಿಕ ಸರಾಸರಿ 2.4 ಮಿಲಿಸೀವರ್ಟ್ ಬರುತ್ತದೆ. ಮಗಳದ್ದು ಅದರ ಮೇಲೆ ಸೇರುವ ಪಾಲು. ಹೊಟ್ಟೆಯ ಒಂದು ಸಿಟಿ ಸ್ಕ್ಯಾನ್‌ಗೆ 8ರಿಂದ 10 ಮಿಲಿಸೀವರ್ಟ್ ಆಗುತ್ತದೆ. ವೃತ್ತಿಯಲ್ಲಿ ವಿಕಿರಣಕ್ಕೆ ಒಡ್ಡಿಕೊಳ್ಳುವವರಿಗೆ ನಮ್ಮ ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇಟ್ಟಿರುವ ಮಿತಿ ಐದು ವರ್ಷಕ್ಕೆ 100 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಮಗಳು ಆ ಮಿತಿಗಿಂತ ಬಹಳ ಕೆಳಗಿದ್ದಾಳೆ.

ಕ್ಯಾನ್ಸರ್ ವಿಷಯ ಸಂಖ್ಯೆಯಲ್ಲೇ ಹೇಳುತ್ತೇನೆ, ಏಕೆಂದರೆ “ಸ್ವಲ್ಪ ಜಾಸ್ತಿ” ಎಂಬ ಮಾತು ಯಾರಿಗೂ ಸಮಾಧಾನ ಕೊಡುವುದಿಲ್ಲ. ಇದೇ ದರದಲ್ಲಿ ಇಪ್ಪತ್ತು ವರ್ಷ ಹಾರಿದರೆ ಒಟ್ಟು 70 ಮಿಲಿಸೀವರ್ಟ್. ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗದ ಅಂದಾಜು ಹಿಡಿದರೆ ಇದರಿಂದ ಜೀವಮಾನದಲ್ಲಿ ಸೇರುವ ಅಪಾಯ ಸಾವಿರಕ್ಕೆ ಮೂರರಷ್ಟು. ಭಾರತದಲ್ಲಿ ಸರಿಸುಮಾರು ಒಂಬತ್ತು ಜನರಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕ್ಯಾನ್ಸರ್ ಬರುತ್ತದೆ ಎಂದು ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ ಅಂದಾಜು, ಅಂದರೆ ಸಾವಿರಕ್ಕೆ 110. ಅದು 113 ಆಗಬಹುದು. ಈ ಮೂರೂ ಸಹ, ಕಡಿಮೆ ಪ್ರಮಾಣದಲ್ಲೂ ಹಾನಿ ಅದೇ ಅನುಪಾತದಲ್ಲಿ ಇರುತ್ತದೆ ಎಂಬ ಎಚ್ಚರಿಕೆಯ ಊಹೆಯ ಮೇಲೆ ನಿಂತಿದೆ. ಕೇರಳದ ಕರುನಾಗಪ್ಪಳ್ಳಿಯ ಮೊನಾಜೈಟ್ ಮರಳಿನ ತೀರದಲ್ಲಿ ತಲೆಮಾರುಗಳಿಂದ ಇದಕ್ಕಿಂತ ಹೆಚ್ಚಿನ ಗಾಮಾ ವಿಕಿರಣದಲ್ಲಿ ಬದುಕುವವರನ್ನು ದೀರ್ಘಕಾಲ ಅಧ್ಯಯನ ಮಾಡಿದಾಗ, ಆ ವಿಕಿರಣದಿಂದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ.

ವಿಮಾನ ಸಿಬ್ಬಂದಿಯಲ್ಲಿ ಸ್ತನ ಕ್ಯಾನ್ಸರ್ ಮತ್ತು ಚರ್ಮದ ಮೆಲನೋಮಾ ಹೆಚ್ಚು ಕಾಣುತ್ತದೆ ಎಂದು ಹಲವು ಅಧ್ಯಯನಗಳು ಹೇಳಿರುವುದು ನಿಜ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದಕ್ಕೆ ಕಾಸ್ಮಿಕ್ ಕಿರಣವೊಂದನ್ನೇ ಹೊಣೆ ಮಾಡಲು ಆಗುವುದಿಲ್ಲ. ರಾತ್ರಿ ಪಾಳಿಯನ್ನೇ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2007ರಲ್ಲಿ “ಬಹುಶಃ ಕ್ಯಾನ್ಸರ್‌ಕಾರಕ” ಎಂಬ ಗುಂಪಿಗೆ ಸೇರಿಸಿತು, 2019ರಲ್ಲಿ ಮತ್ತೆ ಪರಿಶೀಲಿಸಿ ಅಲ್ಲೇ ಉಳಿಸಿತು. ಗಗನಸಖಿಯರಲ್ಲಿ ಮೊದಲ ಹೆರಿಗೆ ತಡವಾಗುವುದು, ಬಿಡುವಿನ ದಿನಗಳಲ್ಲಿ ಸಮುದ್ರತೀರದ ಬಿಸಿಲು ಕಾಯುವುದು, ಇವೂ ಆ ಲೆಕ್ಕದಲ್ಲಿ ಬೆರೆತಿವೆ. ನಲವತ್ತು ದಾಟಿದ ಮೇಲೆ ಸ್ತನ ತಪಾಸಣೆ ತಪ್ಪಿಸಬಾರದು ಎಂಬುದಷ್ಟೇ ಇದರಿಂದ ನಾನು ಕೊಡುವ ಸಲಹೆ.

ಗರ್ಭದ ವಿಷಯದಲ್ಲಿ ಮಾತ್ರ ನನ್ನ ನಿಲುವು ಬಿಗಿ. ತಾಯಿಯ ದೇಹ ಕಾಸ್ಮಿಕ್ ಕಿರಣದಿಂದ ಭ್ರೂಣವನ್ನು ಮರೆಮಾಡುವುದಿಲ್ಲ. ತಾಯಿಗೆ ಎಷ್ಟೋ ಭ್ರೂಣಕ್ಕೂ ಹೆಚ್ಚುಕಡಿಮೆ ಅಷ್ಟೇ. ಗರ್ಭಿಣಿ ಎಂದು ತಿಳಿಸಿದ ನಂತರ ಉಳಿದ ಅವಧಿಗೆಲ್ಲ ಭ್ರೂಣಕ್ಕೆ 1 ಮಿಲಿಸೀವರ್ಟ್ ದಾಟಬಾರದು ಎಂಬುದು ಅಂತರರಾಷ್ಟ್ರೀಯ ಶಿಫಾರಸು, ನಮ್ಮ ದೇಶದ ನಿಯಮವೂ ಅದೇ. ಮೇಲಿನ ದರದಲ್ಲಿ ಮಗಳು ಅದನ್ನು ಹನ್ನೆರಡು–ಹದಿಮೂರು ಹಾರಾಟದಲ್ಲಿ, ಅಂದರೆ ಮೂರು ತಿಂಗಳಲ್ಲಿ ಮುಟ್ಟುತ್ತಾಳೆ. ಅಮೆರಿಕದ ವೃತ್ತಿ ಸುರಕ್ಷತಾ ಸಂಸ್ಥೆ ಗಗನಸಖಿಯರ ಅಧ್ಯಯನದಲ್ಲಿ ಇನ್ನೊಂದು ಸಂಖ್ಯೆ ಕೊಟ್ಟಿದೆ: ಮೊದಲ ಮೂರು ತಿಂಗಳಲ್ಲಿ 0.36 ಮಿಲಿಸೀವರ್ಟ್ ಅಥವಾ ಹೆಚ್ಚಾದರೆ ಗರ್ಭಪಾತದ ಸಾಧ್ಯತೆ ಏರಬಹುದು. ಮಗಳ ರೋಸ್ಟರ್‌ನಲ್ಲಿ (ಡ್ಯೂಟಿ ಪಟ್ಟಿಯಲ್ಲಿ) ಅದು ಐದೇ ಹಾರಾಟ, ಐದು ವಾರದ ಮಾತು. ಅದೇ ಅಧ್ಯಯನ, ಮನೆಯಲ್ಲಿದ್ದರೆ ಮಲಗಿರಬೇಕಾದ ಹೊತ್ತಿನಲ್ಲಿ ಮೊದಲ ಮೂರು ತಿಂಗಳಲ್ಲಿ 15 ಗಂಟೆ ಅಥವಾ ಹೆಚ್ಚು ಕೆಲಸ ಮಾಡುವುದೂ ಗರ್ಭಪಾತದೊಂದಿಗೆ ನಂಟು ಹೊಂದಿದೆ ಎಂದು ಕಂಡಿತು. ಎರಡರಲ್ಲಿ ಯಾವುದರ ಪಾಲು ಎಷ್ಟು ಎಂದು ಬೇರ್ಪಡಿಸುವುದು ಕಷ್ಟ, ಆದರೆ ಈ ಮಾರ್ಗದಲ್ಲಿ ಎರಡೂ ಒಟ್ಟಿಗೇ ಇವೆ.

ತೊಂದರೆ ಎಲ್ಲಿದೆಯೆಂದರೆ, ಗರ್ಭ ನಿಂತದ್ದು ಗೊತ್ತಾಗುವಷ್ಟರಲ್ಲಿ ನಾಲ್ಕೈದು ವಾರ ಕಳೆದಿರುತ್ತದೆ. ನಿಯಮಗಳು “ತಿಳಿಸಿದ ನಂತರ” ಎಂದು ಶುರುವಾಗುತ್ತವೆ, ಭ್ರೂಣ ಅದಕ್ಕೂ ಮೊದಲೇ ಶುರುವಾಗಿರುತ್ತದೆ. ಆದ್ದರಿಂದ ಪ್ರಯತ್ನಿಸುವ ತಿಂಗಳಿನಿಂದಲೇ ರೋಸ್ಟರ್ ವಿಭಾಗದಲ್ಲಿ ಸಿಂಗಪುರ, ದುಬೈ, ಕೊಲಂಬೊ ಅಥವಾ ದೇಶದೊಳಗಿನ ಮಾರ್ಗಗಳನ್ನು ಕೇಳಲಿ. ಕಡಿಮೆ ಅಕ್ಷಾಂಶದಲ್ಲಿ ತಿಂಗಳಿಗೆ 60 ಗಂಟೆ ಹಾರಿದರೂ 120 ಮೈಕ್ರೋಸೀವರ್ಟ್ ಆಸುಪಾಸು. ಈಗಿನದ್ದಕ್ಕೆ ಹೋಲಿಸಿದರೆ ಮೂರನೇ ಒಂದು ಭಾಗಕ್ಕೆ ಸ್ವಲ್ಪ ಮೇಲೆ. ಆದರೆ ಬೆಳಗಿನ ಜಾವ ಮೂರಕ್ಕೆ ಹೊರಡುವ ಗಲ್ಫ್ ಹಾರಾಟಗಳೇ ತುಂಬಿದ ರೋಸ್ಟರ್ ಸಿಕ್ಕರೆ ವಿಕಿರಣ ತಗ್ಗಿ ನಿದ್ದೆಗೇಡು ಹೆಚ್ಚುತ್ತದೆ, ಅದನ್ನೂ ನೋಡಿಕೊಳ್ಳಲಿ. ಪರೀಕ್ಷೆ ಪಾಸಿಟಿವ್ ಬಂದ ದಿನವೇ ಸಂಸ್ಥೆಯ ವೈದ್ಯಕೀಯ ವಿಭಾಗಕ್ಕೆ ಲಿಖಿತವಾಗಿ ತಿಳಿಸಿ ನೆಲದ ಕೆಲಸಕ್ಕೆ ಬರುವುದು ಸರಿಯಾದ ದಾರಿ. ಇದರ ಬೆಲೆ ನನಗೆ ಗೊತ್ತು: ಹಾರಾಟದ ಭತ್ಯೆ ನಿಂತರೆ ತಿಂಗಳ ಕೈಸಂಬಳ ಗಣನೀಯವಾಗಿ ಇಳಿಯುತ್ತದೆ, ಅದಕ್ಕಾಗಿಯೇ ಎಷ್ಟೋ ಹೆಣ್ಣುಮಕ್ಕಳು ಹೇಳುವುದನ್ನು ಎಂಟು, ಹತ್ತು ವಾರ ಮುಂದೂಡುತ್ತಾರೆ. ಆದರೆ ಉಳಿಸಬೇಕಾದ ವಾರಗಳು ಅವೇ. ಹಣದ ತಯಾರಿಯನ್ನು ಮುಂಚೆಯೇ ಮಾಡಿಕೊಂಡರೆ ಆ ಒತ್ತಡ ಇರುವುದಿಲ್ಲ.

ಅವಳು ಈಗಾಗಲೇ ಒಂದೆರಡು ಹಾರಾಟ ಮಾಡಿದ ಮೇಲೆ ಗರ್ಭ ಗೊತ್ತಾದರೆ ಗಾಬರಿಯಾಗಬೇಡಿ. ಎರಡು ಹಾರಾಟದ 160 ಮೈಕ್ರೋಸೀವರ್ಟ್‌ನಿಂದ ಅಂಗವೈಕಲ್ಯ ಬರುವುದಿಲ್ಲ. ಅಂಥ ಹಾನಿ ಕಂಡಿರುವುದು ಇದರ ನೂರಾರು ಪಟ್ಟು ಪ್ರಮಾಣದಲ್ಲಿ. ಗರ್ಭ ತೆಗೆಸುವ ಮಾತನ್ನು ಯಾರಾದರೂ ಆಡಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಗರ್ಭಧಾರಣೆಗೆ ಮೊದಲು ಅವಳ ಅಂಡಾಣುವಿಗೋ ಅಳಿಯನ ವೀರ್ಯಕ್ಕೋ ತಗಲಿದ ವಿಕಿರಣದಿಂದ ಮಗುವಿಗೆ ತೊಂದರೆ ಎಂಬ ಭಯವೂ ಬೇಡ. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರಿಗೆ ನಂತರ ಹುಟ್ಟಿದ ಮಕ್ಕಳಲ್ಲೂ ಅಂಥ ಆನುವಂಶಿಕ ಹಾನಿ ಕಂಡುಬಂದಿಲ್ಲ.

ಲೆಕ್ಕ ಇಡುವುದು ಹೇಗೆ? ಐರೋಪ್ಯ ಒಕ್ಕೂಟದಲ್ಲಿ ವರ್ಷಕ್ಕೆ 1 ಮಿಲಿಸೀವರ್ಟ್ ದಾಟುವ ಸಿಬ್ಬಂದಿಯ ಲೆಕ್ಕವನ್ನು ವಿಮಾನ ಸಂಸ್ಥೆಯೇ ಇಡಬೇಕು, ಹೆಚ್ಚು ವಿಕಿರಣ ತಗಲುವವರ ಪ್ರಮಾಣ ತಗ್ಗುವಂತೆ ರೋಸ್ಟರ್ ಹಾಕಬೇಕು. ಮಗಳು ತನ್ನ ಸಂಸ್ಥೆಯನ್ನು ಕೇಳಲಿ, ಜೊತೆಗೆ ತಾನೂ ಬರೆದಿಡಲಿ. ಅಮೆರಿಕದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಸಿದ್ಧಪಡಿಸಿದ ಕಾರಿ-7 ಎಂಬ ಉಚಿತ ಸಾಫ್ಟ್‌ವೇರ್ ಇದೆ. ಹಾರಾಟದ ತಿಂಗಳು, ಹೊರಟ ಮತ್ತು ಇಳಿದ ನಿಲ್ದಾಣದ ಕೋಡ್, ಏರಲು ಹಿಡಿದ ನಿಮಿಷ, ಯಾವ ಎತ್ತರದಲ್ಲಿ ಎಷ್ಟು ಹೊತ್ತು, ಇಳಿಯಲು ಹಿಡಿದ ನಿಮಿಷ ಕೊಟ್ಟರೆ ಮೈಕ್ರೋಸೀವರ್ಟ್‌ನಲ್ಲಿ ಉತ್ತರ ಬರುತ್ತದೆ. ಎತ್ತರದ ವಿವರ ಪೈಲಟ್‌ಗಳನ್ನು ಕೇಳಿದರೆ ಹೇಳುತ್ತಾರೆ. ಉದ್ದದ ಹಾರಾಟದಲ್ಲಿ ವಿಮಾನ 31,000 ಅಡಿಯಲ್ಲಿ ಶುರುಮಾಡಿ ಇಂಧನ ಖಾಲಿಯಾದಂತೆ ಹಂತಹಂತವಾಗಿ 39,000ದವರೆಗೆ ಏರುತ್ತದೆ, ಈ ಎತ್ತರಗಳಲ್ಲಿ ಪ್ರತಿ ಆರೂವರೆ ಸಾವಿರ ಅಡಿಗೆ ವಿಕಿರಣ ಸುಮಾರು ದುಪ್ಪಟ್ಟಾಗುವುದರಿಂದ ಒಂದೇ ಎತ್ತರ ಹಾಕಿದರೆ ಲೆಕ್ಕ ತಪ್ಪುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಗೈಗರ್ ಮಾಪಕ ಕೊಳ್ಳಬೇಡಿ. ಆ ಎತ್ತರದ ಪ್ರಮಾಣದಲ್ಲಿ ಹೆಚ್ಚುಕಡಿಮೆ ಅರ್ಧ ನ್ಯೂಟ್ರಾನ್‌ಗಳದ್ದು, ಅದಕ್ಕೆ ಅವು ಕಾಣುವುದೇ ಇಲ್ಲ, ಕಡಿಮೆ ತೋರಿಸಿ ಸುಳ್ಳು ಸಮಾಧಾನ ಕೊಡುತ್ತದೆ. ಎಕ್ಸ್‌ರೇ ಕೋಣೆಯ ಸೀಸದ ಏಪ್ರನ್ನಿಗೂ ಇಲ್ಲಿ ಕೆಲಸವಿಲ್ಲ. ಕಿಟಕಿಯ ಪರದೆ ಇಳಿಸುವುದು, ನಡುವಿನ ಸೀಟು ಆರಿಸುವುದು, ಇವುಗಳಿಂದಲೂ ಏನೂ ಆಗದು. ವಿಮಾನದ ಅಲ್ಯೂಮಿನಿಯಂ ಹೊದಿಕೆಯನ್ನೇ ಲೆಕ್ಕಿಸದ ಕಣಗಳಿವು.

ಇನ್ನು ಸೂರ್ಯ. ಜನ ಅಂದುಕೊಂಡಿರುವುದಕ್ಕೆ ವಿರುದ್ಧವಾದ ಸಂಗತಿ ಇದು: ಸೂರ್ಯ ಉಗ್ರವಾಗಿರುವ ವರ್ಷಗಳಲ್ಲಿ ಸಿಬ್ಬಂದಿಯ ವಾರ್ಷಿಕ ವಿಕಿರಣ ಕಡಿಮೆ. ಸೌರಮಾರುತದ ಕಾಂತಕ್ಷೇತ್ರ ಬಲವಾದಾಗ ಗ್ಯಾಲಕ್ಸಿಯಿಂದ ಬರುವ ಕಣಗಳನ್ನು ಹೊರಕ್ಕೆ ತಳ್ಳುತ್ತದೆ. ದೊಡ್ಡ ಸೌರಸ್ಫೋಟದ ಮೋಡ ಭೂಮಿಯನ್ನು ಹಾದಾಗ ಕಾಸ್ಮಿಕ್ ಕಿರಣದ ಪ್ರಮಾಣ ಕೆಲವು ದಿನ ಕುಸಿಯುವುದೂ ಉಂಟು. ಊಟಿಯ ಗ್ರೇಪ್ಸ್-3 ಪ್ರಯೋಗಾಲಯದಂಥ ಕೇಂದ್ರಗಳು ಇದನ್ನು ನಿತ್ಯ ಅಳೆಯುತ್ತವೆ. 2024ರ ಮೇ 10–11ರಂದು ಲಡಾಖ್‌ನ ಹಾನ್ಲೆಯಲ್ಲೂ ಕೆಂಪು ಧ್ರುವಪ್ರಭೆ ಕಾಣಿಸಿದ ಬಿರುಗಾಳಿ ಕಾಂತಕ್ಷೇತ್ರದ ಅಳತೆಯಲ್ಲಿ ಅತಿ ಉಗ್ರ ದರ್ಜೆಯದು, ಆದರೆ ವಿಮಾನದವರ ದೇಹಕ್ಕೆ ಅದು ದೊಡ್ಡ ಸಂಗತಿಯಾಗಿರಲಿಲ್ಲ. ಕಾಂತ ಬಿರುಗಾಳಿ ಬೇರೆ, ಪ್ರೋಟಾನ್ ಬಿರುಗಾಳಿ ಬೇರೆ.

ಭಯಪಡಬೇಕಾದದ್ದು ಎರಡನೆಯದಕ್ಕೆ, ಅದೂ ಅಪರೂಪದ ಬಗೆಗೆ. ಸೌರಜ್ವಾಲೆಯ ಬೆಳಕು ಎಂಟು ನಿಮಿಷಕ್ಕೆ ತಲುಪಿದರೆ ಅತಿ ವೇಗದ ಪ್ರೋಟಾನ್‌ಗಳು ಅದರ ಬೆನ್ನಿಗೇ ಹತ್ತಿಪ್ಪತ್ತು ನಿಮಿಷದಲ್ಲಿ ಬರುತ್ತವೆ. ನೆಲದ ಉಪಕರಣಗಳಲ್ಲೂ ಗೋಚರಿಸುವಷ್ಟು ಶಕ್ತಿಯ ಇಂಥ ಘಟನೆಗಳು 1942ರಿಂದ ಈಚೆಗೆ ಎಪ್ಪತ್ತಕ್ಕೂ ಹೆಚ್ಚು ದಾಖಲಾಗಿವೆ, ವರ್ಷಕ್ಕೆ ಒಂದರಷ್ಟು, ಬಹುತೇಕ ಚಿಕ್ಕವು. 1956ರ ಫೆಬ್ರವರಿ 23ರದ್ದು ಅವುಗಳಲ್ಲೇ ದೊಡ್ಡದು. ಇಂದಿನ ವಿಮಾನವೊಂದು ಅಂದು ಧ್ರುವದ ಬಳಿ ಹಾರುತ್ತಿದ್ದರೆ ಒಂದೇ ಹಾರಾಟದಲ್ಲಿ ಕೆಲವು ಮಿಲಿಸೀವರ್ಟ್ ಬೀಳುತ್ತಿತ್ತು ಎಂದು ಲೆಕ್ಕ ಹಾಕಿದ್ದಾರೆ. ವಯಸ್ಕರಿಗೆ ಅದು ಒಂದು ಸಿಟಿ ಸ್ಕ್ಯಾನ್‌ನಷ್ಟು, ಗರ್ಭಿಣಿಗೆ ಇಡೀ ಅವಧಿಯ ಮಿತಿಯನ್ನೇ ದಾಟಿಸುವಷ್ಟು. ಗರ್ಭದ ಯೋಚನೆಯಲ್ಲಿರುವಾಗ ಧ್ರುವಮಾರ್ಗ ಬೇಡ ಎನ್ನಲು ಇದೂ ಒಂದು ಕಾರಣ.

ಎಚ್ಚರಿಕೆಯ ವ್ಯವಸ್ಥೆ ಇದೆ. 2019ರ ನವೆಂಬರ್‌ನಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಅಡಿಯಲ್ಲಿ ಬಾಹ್ಯಾಕಾಶ ಹವಾಮಾನ ಕೇಂದ್ರಗಳು ರೇಡಿಯೊ, ಜಿಪಿಎಸ್, ವಿಕಿರಣ ಮೂರಕ್ಕೂ ಸೂಚನೆ ಹೊರಡಿಸುತ್ತವೆ. ವಿಕಿರಣ ಗಂಟೆಗೆ 30 ಮೈಕ್ರೋಸೀವರ್ಟ್ ದಾಟಿದರೆ ಮಧ್ಯಮ, 80 ದಾಟಿದರೆ ತೀವ್ರ. ವಿಮಾನ ಕೆಳಗಿಳಿಯಬಹುದು, ದಕ್ಷಿಣಕ್ಕೆ ಸರಿಯಬಹುದು. ಎರಡಕ್ಕೂ ಇಂಧನ ಹೆಚ್ಚು ಸುಡುತ್ತದೆ, 16 ಗಂಟೆಯ ಹಾರಾಟದಲ್ಲಿ ಮಧ್ಯೆ ಎಲ್ಲೋ ಇಳಿದು ತುಂಬಿಸಿಕೊಳ್ಳಬೇಕಾಗಬಹುದು. ಅಕ್ಕಪಕ್ಕದ ವಿಮಾನಗಳ ನಡುವಿನ ಅಂತರ ನೋಡದೆ ಪೈಲಟ್ ತಾನಾಗಿ ಎತ್ತರ ಬದಲಿಸುವುದು ವಿಕಿರಣಕ್ಕಿಂತ ದೊಡ್ಡ ಅಪಾಯ. ಹಿಂದೆ ಕಾಂಕಾರ್ಡ್ ವಿಮಾನದಲ್ಲಿ ವಿಕಿರಣ ಮಾಪಕವೇ ಇರುತ್ತಿತ್ತು, ಇಂದಿನ ಪ್ರಯಾಣಿಕ ವಿಮಾನಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ನೆಲದಿಂದ ಬರುವ ಸೂಚನೆಯೇ ಆಧಾರ. ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿ 6ರಿಂದ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು ಸೂರ್ಯನನ್ನು ನೋಡುತ್ತಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅದರ ಮುಖ್ಯ ಉಪಕರಣವನ್ನು ಕಟ್ಟಿತು. ಸೌರಸ್ಫೋಟದ ಮೋಡಕ್ಕೆ ಹೀಗೆ ಮುನ್ಸೂಚನೆ ಸಿಗುತ್ತದೆ, ಆದರೆ ಬೆಳಕಿನ ಬೆನ್ನಿಗೇ ಬರುವ ಪ್ರೋಟಾನ್‌ಗೆ ಸಿಗುವ ಸಮಯ ನಿಮಿಷಗಳು ಮಾತ್ರ.

ವಾಸ್ತವದಲ್ಲಿ ವಿಮಾನ ಸಂಸ್ಥೆಗಳು ಧ್ರುವಮಾರ್ಗ ಬಿಡುವುದು ಬಹುಪಾಲು ರೇಡಿಯೊಗಾಗಿ. ಭೂಸ್ಥಿರ ಉಪಗ್ರಹಗಳು 82 ಡಿಗ್ರಿ ಅಕ್ಷಾಂಶದಿಂದಾಚೆ ದಿಗಂತದ ಕೆಳಗೆ ಹೋಗುವುದರಿಂದ ಅಲ್ಲಿ ದೂರದ ಸಂಪರ್ಕಕ್ಕೆ ಎಚ್‌ಎಫ್ (ಶಾರ್ಟ್‌ವೇವ್) ರೇಡಿಯೊ ಬಹಳ ಕಾಲ ಏಕೈಕ ಆಸರೆಯಾಗಿತ್ತು. ಪ್ರೋಟಾನ್‌ಗಳು ಧ್ರುವದ ಮೇಲಿನ ಅಯಾನುಗೋಳದ (ಗಾಳಿಯ ಮೇಲ್ಭಾಗದ ವಿದ್ಯುದಾವೇಶದ ಪದರದ) ತಳಪದರವನ್ನು ದಟ್ಟಗೊಳಿಸಿದಾಗ ಆ ತರಂಗಗಳು ಹೀರಿಹೋಗುತ್ತವೆ, ಕೆಲವೊಮ್ಮೆ ದಿನಗಟ್ಟಲೆ. 2005ರ ಜನವರಿಯಲ್ಲಿ ಯುನೈಟೆಡ್ ಏರ್‌ಲೈನ್ಸ್ ನಾಲ್ಕು ದಿನದಲ್ಲಿ 26 ಹಾರಾಟಗಳನ್ನು ಧ್ರುವಮಾರ್ಗದಿಂದ ತಪ್ಪಿಸಿತು. ಈಗ ಇರಿಡಿಯಂ ಉಪಗ್ರಹಗಳು ಧ್ರುವದಲ್ಲೂ ಕೆಲಸ ಮಾಡುತ್ತವೆ, ಆದರೂ ಸೌರವಿಕಿರಣದ ಐದು ಹಂತದ ಅಳತೆಯಲ್ಲಿ ಮೂರನೇ ಹಂತ ಮುಟ್ಟಿದರೆ ದಾರಿ ಬದಲಿಸುವ ರೂಢಿ ಉಳಿದಿದೆ. ಹಾಗೆ ಬದಲಾದ ದಿನ ಮಗಳು ಮನೆಗೆ ತಡವಾಗಿ ಬಂದರೆ, ವ್ಯವಸ್ಥೆ ಕೆಲಸ ಮಾಡಿತು ಎಂದು ತಿಳಿಯಿರಿ.

ಅಳಿಯನ ಎ320. ಬೆಂಗಳೂರು–ದೆಹಲಿ ಒಂದು ದಾರಿಗೆ ದೇಹಕ್ಕೆ ಬೀಳುವುದು 5 ಮೈಕ್ರೋಸೀವರ್ಟ್ ಆಸುಪಾಸು, ವರ್ಷಕ್ಕೆ ನೂರು ಸಲ ಹಾರಿದರೂ ಅರ್ಧ ಮಿಲಿಸೀವರ್ಟ್. ಅದನ್ನು ಮರೆತುಬಿಡಿ. ನೀವು ಓದಿದ ಸುದ್ದಿ ಚಿಪ್‌ನದ್ದು. 2025ರ ಅಕ್ಟೋಬರ್ 30ರಂದು ಮೆಕ್ಸಿಕೊದ ಕ್ಯಾಂಕುನ್‌ನಿಂದ ಅಮೆರಿಕದ ನ್ಯೂಅರ್ಕ್‌ಗೆ ಹೊರಟಿದ್ದ ಜೆಟ್‌ಬ್ಲೂ ಎ320 ಒಮ್ಮೆಲೆ ಮೂತಿ ತಗ್ಗಿಸಿ ಎತ್ತರ ಕಳೆದುಕೊಂಡಿತು, ಹಲವರು ಗಾಯಗೊಂಡರು, ಟ್ಯಾಂಪಾದಲ್ಲಿ ಇಳಿಸಿದರು. ನವೆಂಬರ್ 28ರಂದು ಏರ್‌ಬಸ್, ತೀವ್ರ ಸೌರವಿಕಿರಣದಿಂದ ಹಾರಾಟ ನಿಯಂತ್ರಣದ ದತ್ತಾಂಶ ಕೆಡಬಹುದು ಎಂದು ಹೇಳಿ ಸುಮಾರು 6,000 ವಿಮಾನಗಳನ್ನು ಸರಿಪಡಿಸಲು ಸೂಚಿಸಿತು. ಭಾರತದಲ್ಲೂ ಮುನ್ನೂರಕ್ಕೂ ಹೆಚ್ಚು ಇದ್ದವು.

ಆಗುವುದು ಇಷ್ಟು. ಹಾರುವ ಎತ್ತರದಲ್ಲಿ ನ್ಯೂಟ್ರಾನ್‌ಗಳ ದಟ್ಟಣೆ ನೆಲದ ನೂರಾರು ಪಟ್ಟು. ಒಂದು ನ್ಯೂಟ್ರಾನ್ ಚಿಪ್‌ನೊಳಗಿನ ಸಿಲಿಕಾನ್ ನ್ಯೂಕ್ಲಿಯಸ್‌ಗೆ ಬಡಿದರೆ ಸಿಡಿದ ಚೂರು ಸ್ವಲ್ಪ ವಿದ್ಯುದಾವೇಶ ಚೆಲ್ಲುತ್ತದೆ, ಮೆಮೊರಿಯಲ್ಲಿ 0 ಇದ್ದದ್ದು 1 ಆಗುತ್ತದೆ, ಅಥವಾ 1 ಇದ್ದದ್ದು 0 ಆಗುತ್ತದೆ. ಚಿಪ್ ಸುಡುವುದಿಲ್ಲ, ತಪ್ಪು ಅಂಕಿ ಮಾತ್ರ ಉಳಿಯುತ್ತದೆ. ಇದು ದಶಕಗಳಿಂದ ಗೊತ್ತಿರುವ ವಿಷಯ, ಆದ್ದರಿಂದಲೇ ಮೆಮೊರಿಯಲ್ಲಿ ತಪ್ಪು ತಿದ್ದುವ ಸಂಕೇತ ಇಡುತ್ತಾರೆ, ಪ್ರತಿ ಕಂಪ್ಯೂಟರಿನಲ್ಲಿ ಆಜ್ಞೆ ಕೊಡುವ ಭಾಗವನ್ನು ಪರೀಕ್ಷಿಸುವ ಇನ್ನೊಂದು ಭಾಗ ಇರುತ್ತದೆ. ಎ320ರಲ್ಲಿ ಹಾರಾಟ ನಿಯಂತ್ರಣಕ್ಕೆ ಏಳು ಕಂಪ್ಯೂಟರ್‌ಗಳು: ಎರಡು ಎಲಾಕ್ (ಮೂತಿಯ ಏರಿಳಿತ ಮತ್ತು ವಿಮಾನದ ಓರೆಯನ್ನು ನೋಡುವವು), ಮೂರು ಸೆಕ್, ಎರಡು ಫ್ಯಾಕ್. ತೊಂದರೆ ಕಂಡದ್ದು ಎಲಾಕ್‌ನ ಎಲ್104 ಎಂಬ ಹೊಸ ಸಾಫ್ಟ್‌ವೇರ್ ಆವೃತ್ತಿಯಲ್ಲಿ. ಬಹುತೇಕ ವಿಮಾನಗಳಲ್ಲಿ ಹಿಂದಿನ ಆವೃತ್ತಿಯನ್ನು ಮತ್ತೆ ಹಾಕಲು ಕೆಲವೇ ಗಂಟೆ ಸಾಕಾಯಿತು, ಹಳೆಯ ಕೆಲವು ವಿಮಾನಗಳಲ್ಲಿ ಪೆಟ್ಟಿಗೆಯನ್ನೇ ಬದಲಿಸಬೇಕಾಯಿತು. ಕಣಗಳು ಮೊದಲಿನಿಂದಲೂ ಬಡಿಯುತ್ತಿದ್ದವು. ಅಂದರೆ ಇದು ತಪ್ಪನ್ನು ಹಿಡಿಯುವ ಜರಡಿಯಲ್ಲಿ ಬಿದ್ದ ತೂತು, ಆಕಾಶದಲ್ಲಿ ಹೊಸದಾಗಿ ಹುಟ್ಟಿದ ಗಂಡಾಂತರವಲ್ಲ. ಆ ದಿನ ದೊಡ್ಡ ಸೌರ ಬಿರುಗಾಳಿ ಇರಲಿಲ್ಲ ಎಂಬುದನ್ನೂ ಗಮನಿಸಿ. ನಿತ್ಯದ ಒಂದು ಕಾಸ್ಮಿಕ್ ಕಣವೂ ಇಂಥ ಕೆಲಸ ಮಾಡಬಲ್ಲದು.

ಎಲ್ಲ ಹಠಾತ್ ಕುಸಿತವನ್ನೂ ಕಾಸ್ಮಿಕ್ ಕಿರಣಕ್ಕೆ ಅಂಟಿಸುವುದೂ ಸರಿಯಲ್ಲ. 2008ರ ಅಕ್ಟೋಬರ್ 7ರಂದು ಸಿಂಗಪುರದಿಂದ ಪರ್ತ್‌ಗೆ ಹೋಗುತ್ತಿದ್ದ ಕ್ವಾಂಟಾಸ್ ಎ330 ಎರಡು ಸಲ ಮೂತಿ ಕೆಳಗೆ ಹಾಕಿ ನೂರಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಆಸ್ಟ್ರೇಲಿಯಾದ ತನಿಖಾಧಿಕಾರಿಗಳು ಈ ಸಾಧ್ಯತೆಯನ್ನೂ ವರ್ಷಗಟ್ಟಲೆ ಪರಿಶೀಲಿಸಿ, ಕಣವೇ ಕಾರಣ ಎನ್ನಲು ಸಾಕಷ್ಟು ಪುರಾವೆಯಿಲ್ಲ ಎಂದರು. ಅಲ್ಲಿ ಗಾಯಗೊಂಡವರಲ್ಲಿ ಬಹಳ ಮಂದಿ ಬೆಲ್ಟ್ ಕಟ್ಟಿರಲಿಲ್ಲ. ಅಳಿಯನಿಗೆ ಹೇಳಬೇಕಾದದ್ದು ಇದೊಂದೇ: ಬೆಲ್ಟ್ ಸೂಚನೆಯ ದೀಪ ಆರಿದ ಮೇಲೂ, ಕುಳಿತಿರುವಷ್ಟು ಹೊತ್ತು ಬೆಲ್ಟ್ ಸೊಂಟದ ಮೇಲೆ ಬಿಗಿಯಾಗಿರಲಿ.

ಜಿಪಿಎಸ್ ಬಗ್ಗೆ ನೀವು ಕೇಳಿಲ್ಲ, ಆದರೆ ವಿಕಿರಣ ಅತಿ ಕಡಿಮೆ ಇರುವ ನಮ್ಮ ದಕ್ಷಿಣ ಭಾರತದಲ್ಲಿ ಆಕಾಶದ ತಂಟೆ ಕಾಣುವುದು ಇಲ್ಲೇ. ಸೂರ್ಯ ಮುಳುಗಿದ ಮೇಲೆ, ವಿಶೇಷವಾಗಿ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ, ಸಮಭಾಜಕದ ಅಯಾನುಗೋಳದಲ್ಲಿ ಗುಳ್ಳೆಗಳೇಳುತ್ತವೆ, ಉಪಗ್ರಹದ ಸಂಕೇತ ಮಿಣುಕುತ್ತದೆ. ನಮ್ಮ ಗಗನ್ ವ್ಯವಸ್ಥೆ ಜಿಪಿಎಸ್‌ನ ದೋಷ ತಿದ್ದಿ ಕಳಿಸುತ್ತದೆ, ನಂಬಲಾಗದಷ್ಟು ಮಿಣುಕಿದರೆ ಬಳಸಬೇಡಿ ಎಂದೂ ಸೆಕೆಂಡುಗಳಲ್ಲಿ ಹೇಳುತ್ತದೆ. ಆಗ ಪೈಲಟ್ ನೆಲದ ಐಎಲ್‌ಎಸ್ (ರನ್‌ವೇ ಬಳಿಯಿಂದ ದಾರಿ ತೋರುವ ರೇಡಿಯೊ ವ್ಯವಸ್ಥೆ) ಬಳಸಿ ಇಳಿಯುತ್ತಾರೆ, ಪ್ರಯಾಣಿಕರಿಗೆ ಗೊತ್ತೂ ಆಗುವುದಿಲ್ಲ.

ಹೆರಿಗೆಯ ನಂತರ ಮಗಳು ಅದೇ ಮಾರ್ಗಕ್ಕೆ ಮರಳಬಹುದು. ಹಾಲೂಡಿಸುವ ತಾಯಿಯಿಂದ ಮಗುವಿಗೆ ಈ ವಿಕಿರಣ ದಾಟುವುದಿಲ್ಲ. ಆಗಲೂ ಲೆಕ್ಕ ಬರೆಯುತ್ತಿರಲಿ. ಈಗಿನ ಸೌರಚಕ್ರ 2024ರ ಸುಮಾರಿಗೆ ಶಿಖರ ಮುಟ್ಟಿ ಇಳಿಮುಖವಾಗಿದೆ, ಈ ದಶಕದ ಕೊನೆಗೆ ಸೂರ್ಯ ಶಾಂತನಾಗುತ್ತಾನೆ. ಅಂದರೆ ಮುಂದಿನ ಕೆಲವು ವರ್ಷ ಉತ್ತರದ ಮಾರ್ಗಗಳಲ್ಲಿ ಗ್ಯಾಲಕ್ಸಿಯ ಕಿರಣ ವರ್ಷದಿಂದ ವರ್ಷಕ್ಕೆ ಏರುತ್ತದೆ. ಹಳೆಯ ಹಾರಾಟದ ಅಂಕಿಯನ್ನೇ ನಕಲು ಮಾಡದೆ, ಪ್ರತಿ ಸಲವೂ ಆ ತಿಂಗಳ ದಿನಾಂಕ ಹಾಕಿ ಲೆಕ್ಕ ತೆಗೆಯಬೇಕು.